ಲಿವರ್ ಸಿಮ್ಯುಲೇಶನ್: ಕುಪ್ಫರ್ ಕೋಶಗಳು ಸೇರಿದವು

ಶಸ್ತ್ರಚಿಕಿತ್ಸೆಯ ನಂತರ ಲಿವರ್ ಹೇಗೆ ಮತ್ತೆ ಬೆಳೆಯುತ್ತದೆ ಎಂದು ತೋರಿಸುವ ನನ್ನ ಪೈಥಾನ್ ಪ್ರಾಜೆಕ್ಟ್ ಈ ವಾರ ಒಂದು ಹಂತ ಮುಂದೆ ಹೋಯಿತು. ಇಷ್ಟು ದಿನ ಪರದೆಯ ಮೇಲೆ ಬರೀ ಲಿವರ್ ಕೋಶಗಳಿದ್ದವು. ಮೂರರಲ್ಲಿ ಎರಡು ಭಾಗ ತೆಗೆದ ಕೂಡಲೇ ಉಳಿದವು ತಮ್ಮಷ್ಟಕ್ಕೆ ಒಡೆದು ಎರಡಾಗುತ್ತಿದ್ದವು. ನಿಜವಾದ ದೇಹದಲ್ಲಿ ಅವು ಸುಮ್ನೆ ಇರುವ ಕೋಶಗಳು. ಯಾರಾದರೂ ಎಬ್ಬಿಸಬೇಕು. ಎಬ್ಬಿಸುವವರಲ್ಲಿ ರೋಗನಿರೋಧಕ ಕೋಶಗಳ ಪಾತ್ರ ದೊಡ್ಡದು.

ಲೆಕ್ಕಕ್ಕೆಲ್ಲ ಇಲಿಯೇ ಆಧಾರ. ಮೂರರಲ್ಲಿ ಎರಡು ಭಾಗ ತೆಗೆಯುವ, 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ವಿವರಿಸಿದ ಶಸ್ತ್ರಕ್ರಿಯೆಯನ್ನು ಇಂದಿಗೂ ಪ್ರಯೋಗಾಲಯಗಳಲ್ಲಿ ಮಾಡುತ್ತಾರೆ. ಕತ್ತರಿಸಿದ ಹಾಲೆ (ಲಿವರ್‌ನ ದೊಡ್ಡ ಭಾಗ) ಮತ್ತೆ ಚಿಗುರುವುದಿಲ್ಲ, ಉಳಿದ ಹಾಲೆಗಳು ದೊಡ್ಡದಾಗುತ್ತವೆ. 7ರಿಂದ 10 ದಿನಗಳಲ್ಲಿ ತೂಕ ಹೆಚ್ಚುಕಡಿಮೆ ಮೊದಲಿನಷ್ಟಾಗುತ್ತದೆ.

ಈಗ ಹಳದಿ ಚುಕ್ಕೆಗಳಾಗಿ ಕಾಣುವುದು ಕುಪ್ಫರ್ ಕೋಶಗಳು, ಅಂದರೆ ಲಿವರ್‌ನದೇ ರೋಗನಿರೋಧಕ ಕೋಶಗಳು. ಲಿವರ್‌ನೊಳಗಿನ ಸಣ್ಣ ರಕ್ತನಾಳಗಳಲ್ಲೇ ಇವುಗಳ ವಾಸ. ಕರುಳಿನಿಂದ ರಕ್ತದ ಜೊತೆ ಬರುವ ಬ್ಯಾಕ್ಟೀರಿಯಾದ ಚೂರುಗಳನ್ನು ಹಿಡಿಯುವುದು ದಿನನಿತ್ಯದ ಕೆಲಸ. ಆಪರೇಷನ್ ಆದಮೇಲೆ ಅದೇ ರಕ್ತ ಪೂರ್ತಿಯಾಗಿ ಚಿಕ್ಕ ತುಂಡಿನ ಮೂಲಕವೇ ಹರಿಯಬೇಕು. ಆಗ ಕುಪ್ಫರ್ ಕೋಶಗಳು ಟಿಎನ್‌ಎಫ್, ಐಎಲ್-6 ಎಂಬ ಸಂಕೇತಗಳನ್ನು ಬಿಡುತ್ತವೆ. ಐಎಲ್-6 ಲಿವರ್ ಕೋಶವನ್ನು ಮುಟ್ಟಿದರೆ ಒಳಗೆ ಸ್ಟ್ಯಾಟ್-3 ಎಂಬ ಪ್ರೋಟೀನ್ ಎಚ್ಚರಗೊಳ್ಳುತ್ತದೆ, ಕೋಶ ವಿಭಜನೆಗೆ ತಯಾರಾಗುತ್ತದೆ. ಆದರೆ ತಯಾರಾದರೆ ಸಾಲದು. ಮುಂದಕ್ಕೆ ದೂಡಲು ಎಚ್‌ಜಿಎಫ್‌ನಂಥ ಬೆಳವಣಿಗೆಯ ಅಂಶಗಳು ಬೇಕು. ಈ ಎರಡು ಹಂತಗಳನ್ನು ಬೇರೆ ಮಾಡಿ ಬರೆದ ಮೇಲೆಯೇ ಗ್ರಾಫ್ ನಿಜದ ಹತ್ತಿರ ಬಂದಿದ್ದು. ಮೊದಲ ಕೆಲವು ಗಂಟೆ ಏನೂ ಕಾಣುವುದಿಲ್ಲ, ಸುಮಾರು 24 ಗಂಟೆಯ ಹೊತ್ತಿಗೆ ಡಿಎನ್‌ಎ ತಯಾರಿ ಉತ್ತುಂಗಕ್ಕೆ ಏರುತ್ತದೆ.

ನನಗೆ ಅತ್ಯಂತ ಖುಷಿ ಕೊಟ್ಟಿದ್ದು ಐಎಲ್-6 ಅನ್ನು ಸೊನ್ನೆ ಮಾಡಿ ಓಡಿಸಿದ್ದು. ಬೆಳವಣಿಗೆ ಕುಂಟಿತು. ಶಸ್ತ್ರಕ್ರಿಯೆಗೆ ಮೊದಲು ಒಂದು ಡೋಸ್ ಕೊಟ್ಟೆ, ಮತ್ತೆ ಸರಿಹೋಯಿತು. 1996ರಲ್ಲಿ ಐಎಲ್-6 ಜೀನ್ ಇಲ್ಲದ ಇಲಿಗಳಲ್ಲಿ ವಿಜ್ಞಾನಿಗಳು ಕಂಡದ್ದೂ ಇದನ್ನೇ. ನಿಯಮ ಬರೆದದ್ದು ನಾನೇ ಆದ್ದರಿಂದ ಇದು ಪುರಾವೆಯಲ್ಲ. ಆದರೂ ಓದಿದ ವಿಷಯ ಕಣ್ಣೆದುರು ನಡೆದಾಗ ಮನಸ್ಸಿಗೆ ಇಳಿಯುವ ರೀತಿಯೇ ಬೇರೆ, ಅಲ್ವಾ?

ಮುಂದಿನದು ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು, ಇವೂ ರೋಗನಿರೋಧಕ ಕೋಶಗಳೇ. ಇವು ಜಾಸ್ತಿ ಕೆರಳಿದರೆ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಬಿಟ್ಟು ಬೆಳವಣಿಗೆಯನ್ನೇ ತಡೆಯುತ್ತವೆ. ಅಂದರೆ ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಲಿವರ್ ಬೇಗ ಬೆಳೆಯುತ್ತದೆ ಅನ್ನುವ ಹಾಗಿಲ್ಲ. ಈ ಸೂಕ್ಷ್ಮ ನೋಡುವವರಿಗೆ ಕಾಣಲೇಬೇಕು. ಅದಕ್ಕೆ ಎನ್‌ಕೆ ಕೋಶಗಳಿಗೆ ಕೆಂಪು ಬಣ್ಣ, ಅವುಗಳ ಕೆರಳುವಿಕೆ ಏರಿಸಲು ಇಳಿಸಲು ಒಂದು ಸ್ಲೈಡರ್ ಇಡುತ್ತಿದ್ದೇನೆ. ಬೆಳವಣಿಗೆಯನ್ನು ನಿಲ್ಲಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ ಅದಾದಮೇಲೆ.