ಡಿಸೆಂಬರ್ 1, 2025: ಕ್ಯಾಮೆರಾ ಬರುವ ಮುಂಚೆ ಕವರ್ ಬಿಚ್ಚಿ ನೋಡಿ

ಕೋಲಾರ, ಸೋಮವಾರ

ಫಿಲಿಪ್ಪೀನ್ಸ್‌ನ ಜಿಎಂಎ ವಾಹಿನಿಯ ‘ಕಪ್ವಾ ಕೋ, ಮಹಾಲ್ ಕೋ’ ಕಾರ್ಯಕ್ರಮಕ್ಕೆ ಇವತ್ತಿಗೆ ಸರಿಯಾಗಿ 50 ವರ್ಷ. 1975ರ ಡಿಸೆಂಬರ್ 1ರಂದು ಶುರುವಾಯಿತು. ಬಡ ರೋಗಿಗಳ ಕಷ್ಟವನ್ನು ತೋರಿಸಿ, ನೋಡುಗರಿಂದ ನೆರವು ಕೂಡಿಸಿ, ಚಿಕಿತ್ಸೆ ಕೊಡಿಸುವುದು ಅದರ ಕೆಲಸ. ಬೆನ್ನಿಗೆ ಅದೇ ಹೆಸರಿನ ಪ್ರತಿಷ್ಠಾನವಿದೆ. ಇಷ್ಟು ಕಾಲ ಬಾಳಿದ್ದಕ್ಕೆ ಆ ಪ್ರತಿಷ್ಠಾನವೇ ಕಾರಣ ಎಂದು ನಾವು ನಂಬುತ್ತೇವೆ. ಕಣ್ಣೀರು ಕಂಡರೆ ಹಣ ಬಂದೀತು. ಅದು ಸರಿಯಾದ ಬಿಲ್ಲಿಗೆ ಸೇರಬೇಕಾದರೆ ಕೂತು ಕಾಗದ ಓದುವವರು ಬೇಕು.

ನಮ್ಮ ಕಡೆ ಮುಳಬಾಗಿಲು, ಶ್ರೀನಿವಾಸಪುರದಿಂದ ಇಂಥದ್ದೇ ಚಿಕಿತ್ಸೆಯ ನೆರವು ಕೋರಿ ಟಿವಿಯವರಿಗೆ ಮನವಿ ಕಳಿಸುವ ಮನೆಗಳಲ್ಲಿ ಕಾಗದವೆಲ್ಲ ಬಟ್ಟೆ ಅಂಗಡಿಯ ಕವರ್‌ನಲ್ಲಿರುತ್ತದೆ. ಮೊದಲು ಅದನ್ನು ಚಾಪೆಯ ಮೇಲೆ ಸುರಿದು ತಾರೀಖಿನ ಪ್ರಕಾರ ಜೋಡಿಸಿ. ಮೆಡಿಕಲ್ ಸ್ಟೋರ್‌ನ ನುಣುಪಾದ ಬಿಲ್ಲುಗಳನ್ನು ಬೇರೆ ಇಡಿ. ಅವು ಥರ್ಮಲ್ ಕಾಗದ. ಶಾಖಕ್ಕೆ ಅಕ್ಷರ ಮೂಡಿದ್ದು. ಬಿಸಿಲಲ್ಲಿ ಇಟ್ಟರೆ, ಪ್ಲಾಸ್ಟಿಕ್‌ಗೆ ಅಂಟಿಕೊಂಡಿದ್ದರೆ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತವೆ. ಜೋಪಾನ ಮಾಡೋಣವೆಂದು ಲ್ಯಾಮಿನೇಷನ್‌ಗೆ ಕೊಟ್ಟರಂತೂ ಆ ಬಿಸಿಗೆ ಇಡೀ ಬಿಲ್ಲು ಕಪ್ಪಾಗಿ ಒಂದಕ್ಷರವೂ ಉಳಿಯುವುದಿಲ್ಲ. ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲ ಬಿಲ್ಲನ್ನು ಅದರ ಹಿಂದೆ ಪಿನ್ ಮಾಡಿ.

ಚಿಕಿತ್ಸೆಯ ಖರ್ಚಿನ ಎಸ್ಟಿಮೇಟ್ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲೇ ಇರಬೇಕು: ಕಾಯಿಲೆಯ ಪೂರ್ತಿ ಹೆಸರು, ಯಾವ ಆಪರೇಷನ್, ಎಷ್ಟು ದಿನ ವಾರ್ಡು, ಸ್ಟೆಂಟ್ ಅಥವಾ ವಾಲ್ವ್‌ನ ಬೆಲೆ ಬೇರೆಯಾಗಿ, ಡಾಕ್ಟರ ಸಹಿ, ಸೀಲು, ತಾರೀಖು. ಬರೀ ‘ಸುಮಾರು 4 ಲಕ್ಷ’ ಎಂದು ಬರೆದ ಚೀಟಿಗೆ ಯಾವ ದಾನಿಯೂ ಚೆಕ್ ಬರೆಯಲಾರ. ಆಧಾರ್‌ನಲ್ಲಿ ‘ವೆಂಕಟಮ್ಮ’, ರೇಷನ್ ಕಾರ್ಡಿನಲ್ಲಿ ‘ವೆಂಕಟಲಕ್ಷ್ಮಮ್ಮ’ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಎಲ್ಲ ಕೌಂಟರ್‌ನಲ್ಲೂ ಕೆಲಸ ಅದೇ ಜಾಗದಲ್ಲಿ ನಿಲ್ಲುತ್ತದೆ.

ಟಿವಿಯವರಿಗೆ ಬರೆಯುವ ಮೊದಲು ಸರ್ಕಾರಿ ಬಾಗಿಲು ತಟ್ಟಲೇಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) ಶೇ 30ರಷ್ಟು, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಚಿಕಿತ್ಸೆ ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್, ಅಂದರೆ ಅಲ್ಲಿಗೆ ಕಳಿಸುವ ಚೀಟಿ ಬೇಕು. ಕೋಲಾರದವರಿಗೆ ಅದು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಜನ ಎಡವುವುದು ಇಲ್ಲೇ. ಗಾಬರಿಯಲ್ಲಿ ಯೋಜನೆಗೆ ಸೇರದ ಆಸ್ಪತ್ರೆಗೆ ಹೋಗಿ, ಒಡವೆ ಅಡ ಇಟ್ಟು ದುಡ್ಡು ಕಟ್ಟಿ, ಆಮೇಲೆ ರೆಫರಲ್ ಕೇಳುತ್ತಾರೆ. ಕಟ್ಟಿದ ದುಡ್ಡನ್ನು ಯೋಜನೆ ವಾಪಸ್ ಕೊಡುವುದಿಲ್ಲ. ಯೋಜನೆಯಲ್ಲಿ ಸಿಗುವುದನ್ನು ಕಳೆದು, ಉಳಿದ ಮೊತ್ತವನ್ನಷ್ಟೇ ಟಿವಿ ಮನವಿಯಲ್ಲಿ ಬರೆಯಿರಿ. ಮೊತ್ತ ಸಣ್ಣದಾದಷ್ಟೂ ಬೇಗ ತುಂಬುತ್ತದೆ.

ದಾನ ಸಾಧ್ಯವಾದಷ್ಟೂ ಆಸ್ಪತ್ರೆಯ ಹೆಸರಿನ ಖಾತೆಗೇ ಹೋಗಲಿ, ಜೊತೆಗೆ ರೋಗಿಯ ಐಪಿ ನಂಬರ್ (ಒಳರೋಗಿಯಾಗಿ ದಾಖಲಾದ ಸಂಖ್ಯೆ) ಇರಲಿ. ಪರದೆಯ ಮೇಲೆ ಕ್ಯೂಆರ್ ಕೋಡ್ ಹಾಕಿಸಲೇಬೇಡಿ. ಅದೇ ವಿಡಿಯೊ ಕತ್ತರಿಸಿ, ತಮ್ಮ ಕೋಡ್ ಅಂಟಿಸಿ ವಾಟ್ಸಾಪ್‌ನಲ್ಲಿ ಹಂಚುವವರಿದ್ದಾರೆ. ಟಿವಿಯಲ್ಲಿ ತೋರಿಸಲು ರೋಗಿ ಕೊಡುವ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ರೋಗಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮುಖ ತೋರಿಸಬೇಡಿ ಎಂದರೆ ಕೈ, ಮನೆ, ಔಷಧಿ ಡಬ್ಬ ತೋರಿಸಿದರೂ ಸಾಕು.

ಒಂದೇ ಸಲದ ಆಪರೇಷನ್‌ಗೆ ಟಿವಿ ನೆರವು ಚೆನ್ನಾಗಿ ಒದಗುತ್ತದೆ. ವಾರಕ್ಕೆ 2-3 ಸಲದ ಡಯಾಲಿಸಿಸ್‌ಗೆ ಒಂದು ಸಂಚಿಕೆಯ ಹಣ ಎಲ್ಲಿಗೂ ಸಾಲದು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರದಲ್ಲಿ ಹೆಸರು ಬರೆಸಬೇಕು. ಬೆಂಗಳೂರಿನಲ್ಲಿ ರೇಡಿಯೇಷನ್ 30 ಸಿಟ್ಟಿಂಗ್ ಎಂದರೆ ವಾರಕ್ಕೆ 5 ದಿನದಂತೆ 6 ವಾರ. ಚಿಕಿತ್ಸೆ ಉಚಿತವಾದರೂ ಇಬ್ಬರ ಬಸ್ ಚಾರ್ಜು, ಊಟ, ಜೊತೆಗೆ ಹೋದವರ ಕೂಲಿ ನಿಂತದ್ದು ಎಸ್ಟಿಮೇಟ್‌ನಲ್ಲಿ ಕಾಣುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ.

ಲೋಹದ ಹೃದಯ ವಾಲ್ವ್ ಹಾಕಿಸಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆ ಆಗಾಗ ಬೇಕು. ಮಾತ್ರೆ ಬಿಟ್ಟರೆ ವಾಲ್ವ್‌ನಲ್ಲೇ ರಕ್ತ ಗಡ್ಡೆ ಕಟ್ಟಬಹುದು. ಹಾಗಾಗಿ ಮೊದಲ ವರ್ಷದ ಮಾತ್ರೆ, ಪರೀಕ್ಷೆಯ ಖರ್ಚನ್ನೂ ಮನವಿಯಲ್ಲಿ ಸೇರಿಸಿ, ಆ ಪರೀಕ್ಷೆ ಕೋಲಾರದಲ್ಲೇ ಎಲ್ಲಿ ಆಗುತ್ತದೆಂದು ಡಿಸ್ಚಾರ್ಜ್ ದಿನವೇ ಕೇಳಿಕೊಂಡು ಬನ್ನಿ.