ಎಸ್‌ಜಿಒಟಿ 18 ಬಂದ ಸಂಜೆ

"ನಿನ್ನೆಕಿಂತ ಭಾಳ ಕಮ್ಮಿ ಆಗ್ಯದ್ರಿ. ಹೆದರಬ್ಯಾಡ್ರಿ."

ಲ್ಯಾಬ್ ಕಿಟಕಿಯಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳಿಗೆ ನಾನು ಹೇಳಿದ ಮಾತು ಇದು. ಎರಡು ವರ್ಷ ಆಯ್ತು. ಮೇ ತಿಂಗಳ ಬಿಸಿಲು ಏರಿದ ಹಾಗೆ ಈ ಮಾತೂ ನೆನಪಿಗೆ ಬರುತ್ತದೆ. ರಿಪೋರ್ಟ್ ಬಗ್ಗೆ ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಹೇಳಿದ್ದು ನಿಜವೂ ಆಗಿರಲಿಲ್ಲ.

ನಾನು ಕಲಬುರಗಿಯ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಆಗ ಹನ್ನೊಂದು ವರ್ಷದ ಸರ್ವಿಸ್ ಆಗಿತ್ತು. ಎಲ್‌ಎಫ್‌ಟಿ, ಆರ್‌ಎಫ್‌ಟಿ, ಅಂದ್ರೆ ಲಿವರ್, ಕಿಡ್ನಿ ಪರೀಕ್ಷೆಗಳು, ಎಷ್ಟು ಸಾವಿರ ಮಾಡಿದ್ದೇನೋ ಲೆಕ್ಕ ಇಲ್ಲ. ಆ ವಾರ ನಮ್ಮ ಫುಲ್ಲಿ ಆಟೋ, ಅಂದ್ರೆ ಎಲ್ಲಾ ತಾನೇ ಮಾಡುವ ದೊಡ್ಡ ಮಷೀನ್, ಮಲಗಿತ್ತು. ಬಿಸಿಲಿಗೆ ಎಸಿ ಪದೇ ಪದೇ ಟ್ರಿಪ್ ಆಗಿ, ಕೊನೆಗೆ ಮಷೀನೂ ಎರರ್ ಹೊಡೆದು ನಿಂತಿತ್ತು. ಮಷೀನ್ ನಿರ್ವಹಣೆಯ ವಾರ್ಷಿಕ ಒಪ್ಪಂದ, ಎಎಂಸಿ, ಮುಗಿದು ಮೂರು ತಿಂಗಳಾಗಿತ್ತು. ಫೈಲ್ ಪರ್ಚೇಸ್‌ನಿಂದ ಅಕೌಂಟ್ಸ್‌ಗೆ, ಅಕೌಂಟ್ಸ್‌ನಿಂದ ಪರ್ಚೇಸ್‌ಗೆ ಓಡಾಡುತ್ತಿತ್ತು. ಎಂಜಿನಿಯರ್ ಹೈದರಾಬಾದ್‌ನಿಂದ ಬರಬೇಕು, ದುಡ್ಡು ಬಾಕಿ ಇದ್ದಾಗ ಅವರ್ಯಾಕೆ ಬರ್ತಾರೆ? ಹಾಗಾಗಿ ಎಲ್ಲಾ ಎಮರ್ಜೆನ್ಸಿ ಸ್ಯಾಂಪಲ್ ಹಳೇ ಸೆಮಿ ಆಟೋ ಮೇಲೆ, ಒಂದೊಂದೇ, ಕೈಯಲ್ಲಿ ಪಿಪೆಟ್ ಹಿಡಿದು.

ಪೇಷಂಟ್ ನಲವತ್ತರ ಆಸುಪಾಸಿನವರು. ಶಹಾಬಾದ್ ಕಡೆ ಲಾರಿಗೆ ಫರಸಿ ಕಲ್ಲು ಹೇರುವ ಕೆಲಸ. ಮಧ್ಯಾಹ್ನ ಎರಡು ಗಂಟೆಗೆ ಕಲ್ಲಿನ ಮೇಲೇ ಕುಸಿದು ಬಿದ್ದಿದ್ದರು. ಕರೆತಂದಾಗ ಮೈ ಕೆಂಡ, ಮಾತಿಲ್ಲ, ಕ್ಯಾಶುವಾಲ್ಟಿಯಲ್ಲಿ ಟೆಂಪರೇಚರ್ 41 ಡಿಗ್ರಿ ದಾಟಿತ್ತು. ಹೀಟ್ ಸ್ಟ್ರೋಕ್. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲ್ಲು ಹೇರುವವರಿಗೆ ಅಂಥ ಆದೇಶ ಯಾರೂ ಹೊರಡಿಸಿಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಎಸ್‌ಜಿಒಟಿ, ಎಸ್‌ಜಿಪಿಟಿ ಅಂದ್ರೆ ಲಿವರ್ ಪರೀಕ್ಷೆಯಲ್ಲಿ ನಾವು ಅಳೆಯುವ ಎರಡು ಎಂಜೈಮ್‌ಗಳು. ಮೊದಲ ದಿನ ಅವರ ಎಸ್‌ಜಿಒಟಿ 236 ಬಂದಿತ್ತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 2.1. ಮೂತ್ರ ಕರಿ ಚಹಾದ ಬಣ್ಣ. ಮೈ ಅಷ್ಟು ಕಾದಾಗ ಲಿವರ್, ಸ್ನಾಯು ಎರಡರ ಜೀವಕೋಶಗಳೂ ಒಡೆಯುತ್ತವೆ. ಒಳಗೆ ಇರಬೇಕಾದ ಎಂಜೈಮ್‌ಗಳು ರಕ್ತಕ್ಕೆ ಸೋರುತ್ತವೆ. ಅದು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಹೀಟ್ ಸ್ಟ್ರೋಕ್‌ನಲ್ಲಿ ಲಿವರ್ ಎಂಜೈಮ್‌ಗಳು ಎರಡನೇ, ಮೂರನೇ ದಿನಕ್ಕೆ ಶಿಖರ ಮುಟ್ಟುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಂಜೆ ನೆನಪಾಗಲಿಲ್ಲ.

ಎರಡನೇ ದಿನ ಸಂಜೆ 7.10ಕ್ಕೆ ಸ್ಯಾಂಪಲ್ ಬಂತು. ಸೆಂಟ್ರಿಫ್ಯೂಜ್ ಮಾಡಿದೆ. ಸೀರಮ್ ಸ್ವಲ್ಪ ಹಳದಿ, ಬೇರೆ ಏನೂ ವಿಶೇಷ ಕಾಣಲಿಲ್ಲ. ಒಂದು ಎಂಎಲ್ ರಿಯೇಜೆಂಟ್, ನೂರು ಮೈಕ್ರೋಲೀಟರ್ ಸೀರಮ್, ಫ್ಯಾಕ್ಟರ್ 1768, ಡಿಲೇ 60 ಸೆಕೆಂಡ್. ಆಸ್ಪಿರೇಟ್ ಮಾಡಿದೆ, ಅಂದ್ರೆ ಮಷೀನ್ ಒಳಕ್ಕೆ ಹೀರಿಸಿದೆ. ರಿಸಲ್ಟ್ ಬಂತು: 18. ಎಸ್‌ಜಿಪಿಟಿ 11. ಎರಡೂ ನಾರ್ಮಲ್.

ನನಗೆ ಖುಷಿಯಾಯ್ತು. ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ರಾತ್ರಿ ಅವರ ಹೆಂಡತಿ ಕಾರಿಡಾರಿನಲ್ಲಿ ಸೆರಗು ಹಾಸಿಕೊಂಡು ಮಲಗಿದ್ದನ್ನು ನೋಡಿದ್ದೆ. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು, ಅದರಲ್ಲಿ ಖಡಕ್ ರೊಟ್ಟಿ. ಆಕೆ ಆಗಲೇ ಕಿಟಕಿಗೆ ಬಂದು ನಿಂತಿದ್ದಳು. "ಅಕ್ಕಾ, ನಮ್ಮವರ ರಿಪೋರ್ಟ್ ಹ್ಯಾಂಗ ಬಂದದರಿ?" ಅಂದಳು. ನಾನು ಸುಮ್ನೆ ಇರಬಹುದಿತ್ತು. ಡಾಕ್ಟರ್ ಹೇಳ್ತಾರೆ ಅನ್ನಬಹುದಿತ್ತು. ಮೇಲೆ ಬರೆದ ಆ ಮಾತು ಹೇಳಿದೆ. ಆಕೆ ಎರಡೂ ಕೈ ಎತ್ತಿ ಶರಣಬಸಪ್ಪನ ಗುಡಿ ಇರುವ ದಿಕ್ಕಿಗೆ ಮುಗಿದಳು.

8 ಗಂಟೆ ಸುಮಾರಿಗೆ ಐಸಿಯು ಫೋನ್. ಡ್ಯೂಟಿ ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗ, ಮೈಸೂರು ಕಡೆಯವರು.

"ಮೇಡಂ, ಬೆಡ್ 6 ಎಸ್‌ಜಿಒಟಿ 18 ಅಂತ ಬಂದಿದೆ. ಸ್ಯಾಂಪಲ್ ಅದಲು ಬದಲು ಆಗಿಲ್ಲ ತಾನೆ? ಕಣ್ಣು ಹಳದಿಯಾಗಿದೆ. ಐಎನ್‌ಆರ್ 2.8 ಇದೆ."

ಐಎನ್‌ಆರ್ ಅಂದ್ರೆ ರಕ್ತ ಹೆಪ್ಪುಗಟ್ಟುವುದರ ಅಳತೆ, ಲಿವರ್ ಕೆಟ್ಟರೆ ಏರುತ್ತದೆ.

"ಬೆಳಿಗ್ಗೆನೇ ಕ್ಯೂಸಿ ಪಾಸ್ ಆಗಿದೆ ಡಾಕ್ಟ್ರೇ" ಅಂದೆ. ಮೌಲ್ಯ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಹಾಕಿ ಮಷೀನ್ ಪರೀಕ್ಷಿಸುವುದೇ ಕ್ಯೂಸಿ. ನನ್ನ ದನಿ ಸ್ವಲ್ಪ ಗಡಸಾಗಿತ್ತು. "ಬೇಕಾದ್ರೆ ರಿಪೀಟ್ ಹಾಕ್ತೀನಿ."

ಟ್ಯೂಬ್ ತೆಗೆದು ಲೇಬಲ್ ನೋಡಿದೆ. ಹೆಸರು, ಐಪಿ ನಂಬರ್ ಸರಿ. ಕ್ರಿಯಾಟಿನಿನ್ 2.4, ನಿನ್ನೆಯದಕ್ಕೆ ಹೊಂದುತ್ತಿತ್ತು. ಅಂದ್ರೆ ಸ್ಯಾಂಪಲ್ ಇವರದೇ. ರಿಪೀಟ್ ಹಾಕಿದೆ. ಎಸ್‌ಜಿಒಟಿ 14. ಎಸ್‌ಜಿಪಿಟಿ 9. ಎದೆ ಹಗುರಾಯ್ತು. ಎರಡು ಸಲ ಮಾಡಿದೆ, ಎರಡು ಸಲವೂ ಹೆಚ್ಚು ಕಡಿಮೆ ಅದೇ ಬಂತು, ಇನ್ನೇನು ಬೇಕು ಅಂದುಕೊಂಡೆ. ಮೊದಲ ಸಲ ಹೇಗೆ ಮಾಡಿದ್ದೆನೋ ಎರಡನೇ ಸಲವೂ ಚಾಚೂ ತಪ್ಪದೆ ಹಾಗೇ ಮಾಡಿದ್ದೆ. ಮೊದಲಿನ ತಪ್ಪೇ ಮತ್ತೆ ಬರದೆ ಇನ್ನೇನು ಬರುತ್ತದೆ ಅನ್ನುವ ಯೋಚನೆ ಒಂದು ಕ್ಷಣವೂ ತಲೆಗೆ ಬರಲಿಲ್ಲ. ಐಸಿಯುಗೆ ಫೋನ್ ಮಾಡಿ "ಸೇಮ್ ಇದೆ" ಅಂದೆ. ಆ ಕಡೆಯಿಂದ "ಓಕೆ ಮೇಡಂ" ಅಂದ ದನಿಯಲ್ಲಿ ನಂಬಿಕೆ ಇರಲಿಲ್ಲ.

8.30ಕ್ಕೆ ನೈಟ್ ಡ್ಯೂಟಿಗೆ ಕಾಕಾ ಬಂದರು. ರಿಟೈರ್ ಆಗಿ ಕಾಂಟ್ರಾಕ್ಟ್ ಮೇಲೆ ಮತ್ತೆ ಬಂದವರು. ಕಲರಿಮೀಟರ್‌ನಲ್ಲಿ ಓದಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ರಿಸಲ್ಟ್ ತೆಗೆದ ಕಾಲದವರು. ಹ್ಯಾಂಡ್‌ಓವರ್ ಕೊಡುವಾಗ ಬೆಡ್ 6ರ ವಿಷಯ ಹೇಳಿದೆ, ಡಾಕ್ಟರ್ ಸುಮ್ನೆ ಅನುಮಾನ ಪಡ್ತಾರೆ ಅನ್ನುವ ಧಾಟಿಯಲ್ಲಿ. ಕಾಕಾ ಕನ್ನಡಕ ಏರಿಸಿ ರಿಜಿಸ್ಟರ್ ನೋಡಿದರು.

"ನಿನ್ನೆ 236 ಇದ್ದದ್ದು ಇವತ್ತ 18 ಹ್ಯಾಂಗ ಆತು ತಂಗಿ? ಎಲ್ಲಿ ಹೋತು ಅದು?"

ಉತ್ತರ ಇರಲಿಲ್ಲ. ಎಸ್‌ಜಿಒಟಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ಎಸ್‌ಜಿಪಿಟಿಗೆ ಇನ್ನೂ ಜಾಸ್ತಿ, ಸುಮಾರು 47 ಗಂಟೆ. ಸೋರುವುದು ಪೂರ್ತಿ ನಿಂತರೂ 24 ಗಂಟೆಯಲ್ಲಿ 236 ಅನ್ನೋದು 90ರ ಹತ್ತಿರ ಇರಬೇಕಿತ್ತು. 18 ಆಗಲು ಸಾಧ್ಯವೇ ಇರಲಿಲ್ಲ. ಈ ಲೆಕ್ಕ ಮಾಡಲು ಅರ್ಧ ನಿಮಿಷ ಸಾಕು. ಎರಡು ಸಂಖ್ಯೆಯೂ ಒಂದೇ ಪುಟದಲ್ಲಿ, ನನ್ನದೇ ಕೈಬರಹದಲ್ಲಿ ಇದ್ದವು.

"ಸ್ಟಾರ್ಟಿಂಗ್ ಓಡಿ ಎಷ್ಟದ?" ಅಂತ ಕೇಳಿದರು.

ನೋಡಿರಲಿಲ್ಲ. ಓಡಿ ಅಂದ್ರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅನ್ನುವ ಅಳತೆ; ಸ್ಟಾರ್ಟಿಂಗ್ ಓಡಿ, ಮಷೀನ್ ಓದಲು ಶುರು ಮಾಡಿದಾಗಿನದು. ನಾನು ರಿಸಲ್ಟ್ ಮಾತ್ರ ಬರೆದುಕೊಂಡಿದ್ದೆ. ಸ್ಕ್ರೀನ್ ಮೇಲೆ ಹಿಂದಕ್ಕೆ ಹೋಗಿ ನೋಡಿದೆವು. 0.29. ನಮ್ಮ ಆ ಕಿಟ್‌ನಲ್ಲಿ ಅದು 1.2ರ ಆಸುಪಾಸು ಇರಬೇಕು. ಕೈ ತಣ್ಣಗಾದದ್ದು ಆಗ.

ಎಸ್‌ಜಿಒಟಿಯನ್ನು ನಾವು ತೂಕ ಮಾಡುವುದಿಲ್ಲ, ಎಣಿಸುವುದಿಲ್ಲ. ಅದು ಎಷ್ಟು ಬೇಗ ಕೆಲಸ ಮಾಡುತ್ತದೆ ಅಂತ ನೋಡುತ್ತೇವೆ. ರಿಯೇಜೆಂಟ್‌ನಲ್ಲಿ ಆಸ್ಪರ್ಟೇಟ್ ಇರುತ್ತದೆ, ಆಕ್ಸೋಗ್ಲುಟರೇಟ್ ಇರುತ್ತದೆ. ಎಂಜೈಮ್ ಒಂದರಿಂದ ಅಮೈನೋ ಗುಂಪನ್ನು ಕಿತ್ತು ಇನ್ನೊಂದಕ್ಕೆ ಕೊಡುತ್ತದೆ. ಆಗ ಹುಟ್ಟುವ ಆಕ್ಸಲೋಅಸಿಟೇಟನ್ನು ಎಂಡಿಎಚ್ ಅನ್ನುವ ಇನ್ನೊಂದು ಎಂಜೈಮ್ ಮ್ಯಾಲೇಟ್ ಮಾಡುತ್ತದೆ. ಹಾಗೆ ಮಾಡುವಾಗ ರಿಯೇಜೆಂಟ್‌ನಲ್ಲೇ ಇರುವ ಎನ್‌ಎಡಿಎಚ್ ಅನ್ನುವ ಒಂದು ಅಣು ಖರ್ಚಾಗಿ ಎನ್‌ಎಡಿ ಆಗುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. ಹಾಗಾಗಿ ಓಡಿ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತೋ ಎಂಜೈಮ್ ಅಷ್ಟು ಜಾಸ್ತಿ. 1955ರಲ್ಲಿ ಆರ್ಥರ್ ಕಾರ್ಮೆನ್ ತೋರಿಸಿಕೊಟ್ಟ ದಾರಿ ಇದು. ಇಷ್ಟು ವರ್ಷದ ನಂತರವೂ ನಾವು ಇದನ್ನೇ ಮಾಡುತ್ತಿದ್ದೇವೆ. ನನಗೆ ಈ ಪರೀಕ್ಷೆ ಮೇಲೆ ನಿಜವಾಗಲೂ ಪ್ರೀತಿ ಇದೆ. ಒಂದು ಎಂಜೈಮ್ ಮಾಡುವ ಕಾಣದ ಕೆಲಸವನ್ನು ಇನ್ನೊಂದು ಎಂಜೈಮ್‌ಗೆ ಜೋಡಿಸಿ ಬೆಳಕಿನಲ್ಲಿ ಕಾಣುವ ಹಾಗೆ ಮಾಡಿದ್ದು ಎಂಥ ಜಾಣತನ, ಅಲ್ವಾ?

ಆದರೆ ಎನ್‌ಎಡಿಎಚ್ ಇರುವುದು ಚಿಟಿಕೆಯಷ್ಟು. ಎಂಜೈಮ್ ಸಾವಿರಗಟ್ಟಲೆ ಇದ್ದರೆ ನಾವು ಡಿಲೇ ಅಂತ ಕಾಯುವ 60 ಸೆಕೆಂಡಿನ ಒಳಗೇ ಅದು ಪೂರ್ತಿ ಮುಗಿಯುತ್ತದೆ. ಮಷೀನ್ ಓದಲು ಶುರು ಮಾಡುವಾಗ ಇಳಿಯಲು ಏನೂ ಉಳಿದಿರುವುದಿಲ್ಲ. ಓಡಿ ನಿಂತಲ್ಲೇ ನಿಂತಿರುತ್ತದೆ. ಮಷೀನ್ ಪಾಪ, ಎಂಜೈಮ್ ಕಡಿಮೆ ಅಂತ ಬರೆಯುತ್ತದೆ.

ಕಾಕಾ ಇದನ್ನೇ ತಮ್ಮ ಮಾತಲ್ಲಿ ಹೇಳಿದರು. "ಗಿರಣಿಗೆ ಜೋಳ ಸುರುವಿ ಚಹಾ ಕುಡೀಲಿಕ್ಕ ಹೋದಿ. ಕಾಳು ಮುಗಿದ ಮ್ಯಾಲ ಬಂದು ನೋಡಿದಿ. ಹಿಟ್ಟು ಬೀಳವಲ್ದು. ಗಿರಣಿ ನಡಿಯಂಗಿಲ್ಲ ಅಂದ್ರ ಹ್ಯಾಂಗ?"

ಆಮೇಲೆ ಡಿಲೇಯನ್ನು ಸೊನ್ನೆಗೆ ಇಟ್ಟರು. ನನ್ನ ಕೈಗೆ ಪಿಪೆಟ್ ಕೊಟ್ಟರು. ಸೀರಮ್ ಹಾಕಿ, ಒಮ್ಮೆ ಅಲುಗಿಸಿ, ತಕ್ಷಣ ಆಸ್ಪಿರೇಟ್ ಮಾಡಿದೆ. ಟ್ಯೂಬಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ತಿಳಿ ನೀರು ತಿಳಿ ನೀರೇ. ಸ್ಕ್ರೀನ್ ಮೇಲೆ ಮಾತ್ರ ಐದೈದು ಸೆಕೆಂಡಿಗೆ ಸಂಖ್ಯೆ ಉರುಳಿತು. 0.84. 0.60. 0.41. 0.32. 0.30. ಅಲ್ಲಿಗೆ ನಿಂತಿತು. ಆಮೇಲೆ ಗೆರೆ ಚಪ್ಪಟೆ. ನಾನು ಎರಡು ಸಲ ಓದಿ ನಂಬಿದ್ದು ಆ ಚಪ್ಪಟೆ ಗೆರೆಯನ್ನು.

ಹತ್ತು ಪಟ್ಟು ಡೈಲ್ಯೂಟ್ ಮಾಡಿದೆವು. ಆಗಲೂ ಕೊನೆಯ ನಿಮಿಷಕ್ಕೆ ಗೆರೆ ಬಾಗಿತು. 50 ಮೈಕ್ರೋಲೀಟರ್ ಸೀರಮ್, 950 ಸಲೈನ್, ಇಪ್ಪತ್ತು ಪಟ್ಟು. ಈಗ ಗೆರೆ ನೇರ ಬಂತು. ಸ್ಕ್ರೀನ್ ಮೇಲೆ 262. ಇಪ್ಪತ್ತರಿಂದ ಗುಣಿಸಿದರೆ 5240. ಎಸ್‌ಜಿಪಿಟಿ 2860.

ಬೆಳಿಗ್ಗೆ ಕ್ಯೂಸಿ ಪಾಸ್ ಆಗಿದ್ದು ಸುಳ್ಳೇನಲ್ಲ. ನಮ್ಮ ಲೆವೆಲ್ 2 ಕಂಟ್ರೋಲ್‌ನಲ್ಲಿ ಎಸ್‌ಜಿಒಟಿ 180ರ ಸುತ್ತ ಇರುತ್ತದೆ. ಅಲ್ಲಿಯವರೆಗೆ ಮಷೀನ್ ಸರಿ ಅಂತ ಅದು ಹೇಳುತ್ತದೆ. 5000ದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಡಾಕ್ಟರ್ ಕೇಳಿದಾಗ ನಾನು ಆ ಮಾತನ್ನು ಗೋಡೆಯ ಹಾಗೆ ಅಡ್ಡ ಹಿಡಿದೆ. ಹಳದಿ ಕಣ್ಣು, 2.8ರ ಐಎನ್‌ಆರ್ ಎರಡನ್ನೂ ಅವರು ಹೇಳಿದ್ದರು. ಪೇಷಂಟನ್ನು ನೋಡುತ್ತಿದ್ದವರು ಅವರು.

ಐಸಿಯುಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿ, ಹೊಸ ವ್ಯಾಲ್ಯೂ ಓದಿದೆ. ಅವರು ತಿರುಗಿ ಓದಿದರು. ಬೈಯಲಿಲ್ಲ. "ಥ್ಯಾಂಕ್ಯೂ ಮೇಡಂ, ಬೇಗ ಹೇಳಿದ್ರಿ" ಅಂದರು. ಬೇಗ ಅಲ್ಲ. ಮೊದಲ ರಿಪೋರ್ಟ್ ಹೋಗಿ ಒಂದೂಕಾಲು ಗಂಟೆ ಆಗಿತ್ತು.

ಆಮೇಲೆ ಕಾರಿಡಾರಿಗೆ ಹೋದೆ. ಹೋಗಬೇಡ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಆಕೆ ಗೋಡೆಗೆ ಒರಗಿ ಕೂತಿದ್ದಳು. ಪಕ್ಕ ಕೂತು ಹೇಳಿದೆ: "ಯವ್ವಾ, ನಾನು ಆಗ ಹೇಳಿದ್ದು ತಪ್ಪಾತು. ಕಮ್ಮಿ ಆಗಿಲ್ಲ, ಜಾಸ್ತಿ ಆಗ್ಯದ. ಡಾಕ್ಟ್ರಿಗೆ ಹೇಳೀನಿ, ಅವರು ನೋಡ್ಲಿಕತ್ತಾರ."

ಆಕೆ ಅಳಲಿಲ್ಲ. ಕೈಯಲ್ಲಿದ್ದ ಸಣ್ಣ ಮೊಬೈಲ್ ನೋಡಿಕೊಂಡಳು. "ಊರಿಗೆ ಅತ್ತಿಗೆ ಫೋನ್ ಹಚ್ಚಿ ಕಮ್ಮಿ ಆಗ್ಯದ ಅಂತ ಹೇಳೀನಲ್ರೀ ಅಕ್ಕಾ. ಮಕ್ಳು ಊಟ ಮಾಡಿ ಮಲಗ್ಯಾವಂತ. ಮತ್ತ ಹಚ್ಚಿ ಹೇಳ್ಲೇನು?"

ಏನು ಹೇಳಬೇಕಿತ್ತು ಅಂತ ನನಗೆ ಈಗಲೂ ತಿಳಿದಿಲ್ಲ. ಬೆಳಿಗ್ಗೆ ಹೇಳಿದರೆ ಆಯ್ತು ಅಂದೆ.

ಮುಂದಿನ ದಿನಗಳಲ್ಲಿ ಅವರ ಸ್ಯಾಂಪಲ್ ಎಲ್ಲಾ ನಾನೇ ಹಾಕಿದೆ, ಡ್ಯೂಟಿ ಇಲ್ಲದ ದಿನವೂ ಬಂದು. ಎರಡು ಡಯಾಲಿಸಿಸ್ ಆಯ್ತು. ಎಸ್‌ಜಿಒಟಿ ಮೊದಲು ಇಳಿಯಿತು, ಎಸ್‌ಜಿಪಿಟಿ ಅದರ ಹಿಂದೆ ನಿಧಾನವಾಗಿ, ಪುಸ್ತಕದಲ್ಲಿ ಇರುವ ಹಾಗೇ. ಹತ್ತೊಂಬತ್ತನೇ ದಿನ ಅವರು ಹೆಂಡತಿಯ ಹೆಗಲು ಹಿಡಿದು ನಡೆದುಕೊಂಡು ಹೊರಗೆ ಹೋದರು. ಕಿಟಕಿ ಮುಂದೆ ಆಕೆ ನಿಂತು, "ಇವತ್ತ ಎಷ್ಟದರಿ ಅಕ್ಕಾ?" ಅಂತ ಕೇಳಿದಳು. "46" ಅಂದೆ. ಆ ದಿನದ ಸ್ಟಾರ್ಟಿಂಗ್ ಓಡಿ 1.24.

ಫುಲ್ಲಿ ಆಟೋ ಇದ್ದಿದ್ದರೆ ಸಬ್‌ಸ್ಟ್ರೇಟ್ ಡಿಪ್ಲೀಷನ್, ಅಂದ್ರೆ ರಿಯೇಜೆಂಟ್‌ನಲ್ಲಿದ್ದದ್ದು ಮುಗಿದಿದೆ, ಅಂತ ಫ್ಲ್ಯಾಗ್ ಹಾಕಿ ತಾನೇ ರೀರನ್ ಮಾಡುತ್ತಿತ್ತು. ಅದನ್ನು ಮೀಟಿಂಗ್‌ನಲ್ಲಿ ಹೇಳಿದೆ. ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ "ಟೆಕ್ನಿಷಿಯನ್ ಎರರ್" ಅಂತ ಬರೆದರು. ಸಹಿ ಹಾಕಿದೆ, ತಪ್ಪು ನನ್ನದೇ. ಆದರೆ ಎಎಂಸಿ ಮುಗಿದ ವಿಷಯವೂ ಅದರಲ್ಲಿ ಇರಬೇಕು ಅಂತ ಕೆಳಗೆ ಕೈಯಲ್ಲಿ ಬರೆದೆ.

ಸೆಮಿ ಆಟೋ ರಿಜಿಸ್ಟರ್‌ನಲ್ಲಿ ಆಸ್ಪತ್ರೆ ಅಚ್ಚು ಹಾಕಿಸಿದ ಕಾಲಂಗಳು ಐದು. ನಾವು ಸ್ಕೇಲ್ ಹಿಡಿದು ಆರನೆಯದು ಎಳೆದುಕೊಂಡಿದ್ದೇವೆ, ಸ್ಟಾರ್ಟಿಂಗ್ ಓಡಿಗೆ. ಹೊಸದಾಗಿ ಬಂದ ಹುಡುಗಿಗೆ ಮೊದಲ ದಿನವೇ ಆ ಕಾಲಂ ತುಂಬಿಸಲು ಹೇಳಿಕೊಟ್ಟೆ. ಕಾಕಾ ಈಗ ಡ್ಯೂಟಿಗೆ ಬರುವುದಿಲ್ಲ. ಹೊಸ ರಿಜಿಸ್ಟರ್ ಬಂದಾಗಲೆಲ್ಲ ನೂರು ಪುಟಕ್ಕೂ ಗೆರೆ ಎಳೆಯುವುದು ನನ್ನ ಕೆಲಸ.