ಲಿಫ್ಟ್ ಕಿಟ್‌ಗಿಂತ ಮೊದಲು ಎರೆಮಣ್ಣು

ನನ್ನ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್ ಮಹೀಂದ್ರ ಥಾರ್ ತಗೊಂಡಿದ್ದಾನೆ. ಡೀಸೆಲ್, ಮ್ಯಾನುಯಲ್, ಫೋರ್ ಬೈ ಫೋರ್. ಗಾಡಿ ದಾವಣಗೆರೆಗೆ ಬಂದ ವಾರಕ್ಕೇ ಮೊಬೈಲಲ್ಲಿ ಒಂದು ಪಟ್ಟಿ ರೆಡಿ ಇತ್ತು. ಗಾಡಿಯನ್ನ ಮೂರಿಂಚು ಎತ್ತರಿಸೋ ಲಿಫ್ಟ್ ಕಿಟ್, ದೊಡ್ಡ ಮಡ್ ಟೈರ್, ಕಬ್ಬಿಣದ ಬಂಪರ್, ಹೂತ ಗಾಡಿ ಎಳೆಯೋ ವಿಂಚ್, ಎಂಜಿನ್ನಿಗೆ ಮೇಲಿನಿಂದ ಗಾಳಿ ಕೊಡೋ ಸ್ನಾರ್ಕೆಲ್ ಕೊಳವೆ. "ಅಣ್ಣ, ಯಾವುದು ಮೊದಲು ಹಾಕಿಸ್ಲಿ?" ಅಂದ. ಫೋರ್ ಲೋ, ಅಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ತೀರಾ ನಿಧಾನಕ್ಕೆ ಎಳೆಯೋ ಗೇರ್, ಯಾವಾಗ ಬೇಕಾಗುತ್ತೆ ಹೇಳು ನೋಡೋಣ ಅಂತ ಕೇಳಿದೆ. ಅದನ್ನ ಅವನು ಒಂದು ಸಲವೂ ಹಾಕಿರಲಿಲ್ಲ.

ದುಡ್ಡು ಅವನದೇ, ನಿಜ. ಆದ್ರೆ ಗಾಡಿ ಏನು ಮಾಡಬಲ್ಲದು ಅಂತ ಗೊತ್ತಾಗೋ ಮೊದಲೇ ಅದನ್ನ ಬದಲಾಯಿಸೋಕೆ ಹೊರಡೋದು ನನಗೆ ಸರಿ ಕಾಣಲಿಲ್ಲ. ಲಿಫ್ಟ್ ಮಾಡಿದ್ರೆ ಗಾಡಿಯ ಭಾರ ಮೇಲಕ್ಕೆ ಹೋಗುತ್ತೆ, ಅಡ್ಡ ಇಳಿಜಾರಿನಲ್ಲಿ ಮಗುಚೋ ಅಪಾಯ ಜಾಸ್ತಿ. ದೊಡ್ಡ ಟೈರ್ ಹಾಕಿದ್ರೆ ಬ್ರೇಕಿಗೆ ಹೊರೆ, ಎಂಜಿನ್ನಿನ ಎಳೆತ ಕಡಿಮೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸೋಕೆ ಶುರು ಮಾಡುತ್ತೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ತಪ್ಪೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಇದನ್ನೆಲ್ಲ ಹೇಳಿದೆ. ತಲೆ ಆಡಿಸಿದ, ಆದ್ರೆ ಮನಸ್ಸಿಗೆ ಇಳಿದಿರಲಿಲ್ಲ. ಭಾನುವಾರ ನನ್ನ ಜೊತೆ ಬಾ ಅಂದೆ.

ಅವನಿಗೆ ಜೋಗಿಮಟ್ಟಿ ಕಡೆ ಹೋಗೋ ಆಸೆ. ಅದು ವನ್ಯಜೀವಿಧಾಮ ಕಣೋ, ದಾರಿ ಬಿಟ್ಟು ಗಾಡಿ ಇಳಿಸೋ ಜಾಗ ಅಲ್ಲ ಅಂದು ಭರಮಸಾಗರದ ಕಡೆ ಇರೋ ದೊಡ್ಡಪ್ಪನ ಹೊಲಕ್ಕೆ ಕರ್ಕೊಂಡು ಹೋದೆ. ಹಿಂದಿನ ದಿನ ಚೆನ್ನಾಗಿ ಮಳೆ ಆಗಿತ್ತು. ಇನ್ನೂ ಬಿತ್ತನೆ ಆಗಿರಲಿಲ್ಲ.

ಹೊಲದ ಹಿಂದೆ ಒಂದು ಸಣ್ಣ ಗುಡ್ಡ ಇದೆ, ಪೂರ್ತಿ ಗರಸು, ಸಡಿಲ ಕಲ್ಲು. ಅಲ್ಲಿ ಫೋರ್ ಲೋ ಹಾಕಿಸಿದೆ. ಥಾರ್‌ನಲ್ಲಿ ಲೋ ಹಾಕಿದ್ರೆ ಗೇರ್ ಸುಮಾರು ಎರಡೂವರೆ ಪಟ್ಟು ಇಳಿಯುತ್ತೆ, ಗಾಡಿ ಮನುಷ್ಯ ನಡೆಯೋದಕ್ಕಿಂತ ನಿಧಾನ ಹೋಗುತ್ತೆ, ಎಳೆತ ಮಾತ್ರ ಅಷ್ಟೇ ಪಟ್ಟು ಏರುತ್ತೆ. ಅರ್ಧ ಏರಿನಲ್ಲಿ ಬೇಕಂತಲೇ ಎಂಜಿನ್ ಆಫ್ ಮಾಡಿಸಿದೆ. ಅವನು ತಕ್ಷಣ ಸ್ಟೇರಿಂಗ್ ತಿರುಗಿಸಿ ವಾಪಸ್ ಹೊರಳಿಸೋಕೆ ನೋಡಿದ. ಗಾಡಿ ಉರುಳೋದೇ ಹಾಗೆ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿ, ಕ್ಲಚ್ ಒತ್ತಿ ರಿವರ್ಸ್ ಹಾಕು, ಸ್ಟಾರ್ಟ್ ಮಾಡು, ಕ್ಲಚ್ ಬಿಡ್ತಾ ಅದರ ಜೊತೆಗೇ ನಿಧಾನಕ್ಕೆ ಬ್ರೇಕ್ ಬಿಡು, ಕ್ಲಚ್ ಪೂರ್ತಿ ಬಿಟ್ಟು ನೇರವಾಗಿ ಹಿಂದಕ್ಕೆ ಇಳಿ. ಇಷ್ಟೇ. ಮೊದಮೊದಲು ಅವನ ಎಡಗಾಲು ಕ್ಲಚ್ ಮೇಲೆ ಗಡಗಡ ನಡುಗುತ್ತಿತ್ತು. ಒತ್ತಿದ್ರೆ ಎಂಜಿನ್ ಹಿಡಿತ ತಪ್ಪಿ ಗಾಡಿ ಜಾರುತ್ತೆ ಅಂತ ಗೊತ್ತಿದ್ದೂ ಕಾಲು ಕೇಳ್ತಿರಲಿಲ್ಲ. ಊಟದ ಹೊತ್ತಿಗೆ ಎರಡೂ ಕಾಲು ಕೆಳಗಿಟ್ಟು ಬರೀ ಎಂಜಿನ್ ಹಿಡಿತದಲ್ಲಿ ಗುಡ್ಡ ಇಳಿಸಿದ. ಅವನ ಮುಖ ನೋಡಿ ನನಗೆ ತುಂಬಾ ಖುಷಿ ಆಯ್ತು.

ರೊಟ್ಟಿ, ಶೇಂಗಾ ಚಟ್ನಿ ತಿಂದು ಎರೆ ಹೊಲಕ್ಕೆ ಇಳಿದೆವು. ನಮ್ಮ ಕಡೆ ಎರೆಮಣ್ಣು ಗೊತ್ತಲ್ವಾ, ಒಣಗಿದ್ರೆ ಕಲ್ಲು, ನೆನೆದ್ರೆ ಅಂಟು. ಇಪ್ಪತ್ತು ಅಡಿ ಹೋಗೋದ್ರಲ್ಲಿ ಟೈರಿನ ಗೀರುಗಳೆಲ್ಲ ತುಂಬಿ, ನಾಲ್ಕೂ ಚಕ್ರ ನುಣ್ಣಗಾಗಿ ಸುಮ್ನೆ ತಿರುಗೋಕೆ ಶುರು. ಇವನು ಆಕ್ಸಿಲರೇಟರ್ ಒತ್ತಿಯೇ ಒತ್ತಿದ, ಚಕ್ರ ಹೂತುಕೊಂಡು ಹೋಗ್ತಿತ್ತು. ಬದುವಿನ ಮೇಲೆ ನಿಂತಿದ್ದ ದೊಡ್ಡಪ್ಪ ಕೂಗಿದ್ರು, "ಏ, ನಿಲ್ಸೋ ತಮ್ಮಾ! ಹೊಟ್ಟೆ ನೆಲಕ್ಕೆ ತಾಗಿದ್ರೆ ಟ್ರ್ಯಾಕ್ಟರೇ ಬರಬೇಕು!" ಈ ಮಣ್ಣಲ್ಲಿ ಅವರು ಎಷ್ಟೋ ವರ್ಷ ಟ್ರ್ಯಾಕ್ಟರ್ ಓಡಿಸಿದ್ದಾರೆ.

ನಿಲ್ಲಿಸಿ ಇಳಿದು ನೋಡಿದೆವು. ಸಲಿಕೆ ತಗೊಂಡು ಚಕ್ರದ ಹಿಂದಿನ ಮಣ್ಣು ತೆಗೆದು, ಟೈರ್ ನೆಲ ಹೆಚ್ಚು ಹಿಡೀಲಿ ಅಂತ ಗಾಳಿ 18 ಪಿಎಸ್ಐಗೆ ಇಳಿಸಿ, ಬಂದ ಗೀರಿನಲ್ಲೇ ಹಿಂದಕ್ಕೆ ಬಂದೆವು. ಆಮೇಲೆ ಮತ್ತೆ ಹೋದ, ಈ ಸಲ ಮೊದಲೇ ಹಾದಿ ನಡೆದು ನೋಡಿ, ಸೆಕೆಂಡ್ ಗೇರಲ್ಲಿ, ಮಧ್ಯೆ ನಿಲ್ಲಿಸದೆ ಒಂದೇ ಓಟ. ಹಿಡಿತ ಸಡಿಲ ಆದಾಗ ಸ್ಟೇರಿಂಗ್ ಆ ಕಡೆ ಈ ಕಡೆ ಸ್ವಲ್ಪ ಆಡಿಸಿದ್ರೆ ಟೈರಿನ ಅಂಚು ಮಣ್ಣು ಕಚ್ಚುತ್ತೆ, ಅದನ್ನೂ ಮಾಡಿದ. ಆ ಬದುವಿಗೆ ಹೋಗಿ ನಿಂತ. ಅದೇ ಟೈರ್, ಅದೇ ಗಾಡಿ.

ಟೈರ್ ಬದಲಾಯಿಸೋದು ಬೇಡವೇ ಬೇಡ ಅಂತ ನಾನು ಹೇಳಲ್ಲ. ಈಗಿನವು ಸವೆದ ಮೇಲೆ ಅದೇ ಅಳತೆಯ ಒಳ್ಳೆ ಆಲ್ ಟೆರೈನ್ ಟೈರ್ ಹಾಕಿಸಲಿ, ಉಪಯೋಗ ಇದೆ. ಸ್ನಾರ್ಕೆಲ್ ಮಾತ್ರ ನನಗೆ ಅರ್ಥ ಆಗಲ್ಲ. ಮಾಮೂಲಿ ಥಾರ್‌ಗೇ 650 ಮಿಲಿಮೀಟರ್ ನೀರು ದಾಟಬಹುದು ಅಂತ ಕಂಪನಿ ಹೇಳುತ್ತೆ. ಅದಕ್ಕಿಂತ ಮೇಲೆ ಹಳ್ಳ ರಭಸದಿಂದ ಹರೀತಿದ್ರೆ ಸ್ನಾರ್ಕೆಲ್ ಇದ್ರೂ ಇಳಿಯಬಾರದು, ನೀರು ಗಾಡಿಯನ್ನೇ ತಳ್ಕೊಂಡು ಹೋಗುತ್ತೆ.

ವಾಪಸ್ ಬರುವಾಗ ಹೈವೇ ಹತ್ತೋ ಮುಂಚೆ ಗಾಳಿ ತುಂಬಿಸಬೇಕಿತ್ತು, ನನ್ನ ಹತ್ತಿರ ಇದ್ದ ಸಣ್ಣ ಕಂಪ್ರೆಸರ್‌ನಲ್ಲಿ ತುಂಬಿಸ್ತಾ ಕೂತೆವು. ಅವನು ಅಲ್ಲೇ ಪಟ್ಟಿ ತೆಗೆದು ಬಂಪರ್, ಸ್ನಾರ್ಕೆಲ್ ಅಳಿಸಿದ. ಕಂಪ್ರೆಸರ್, ಪ್ರೆಶರ್ ಗೇಜ್, ಸಲಿಕೆ, ಗಟ್ಟಿ ಹಗ್ಗ, ಅದನ್ನ ಗಾಡಿಗೆ ಸಿಕ್ಕಿಸೋಕೆ ಎರಡು ಶ್ಯಾಕಲ್ ಕೊಂಡಿ ಬರೆದ. ಲಿಫ್ಟ್ ಕಿಟ್ ಇನ್ನೂ ಪಟ್ಟಿಯಲ್ಲೇ ಇದೆ, ಅದರ ಬಗ್ಗೆ ನಮ್ಮಿಬ್ಬರ ವಾದ ಮುಗಿದಿಲ್ಲ. ಮುಂದಿನ ಮಳೆಗೆ ಮತ್ತೆ ದೊಡ್ಡಪ್ಪನ ಹೊಲಕ್ಕೆ ಹೋಗ್ತೀವಿ, ಈ ಸಲ ಚಿಕ್ಕಪ್ಪನೂ ಬರ್ತಾರಂತೆ.